ಚೀಲದ ಸರದಿ ಬಂತು, ಅಕ್ಕನದು ಬರಲಿಲ್ಲ

ಸರದಿಸಾಲಿನ ಸಾರ್ವಭೌಮರೇ, ಕಿಂಡಿಯಾಚೆಯ ಕರುಣಾಳುಗಳೇ, ಮುಂದಿನವರ ಕತ್ತನ್ನೇ ದಿಟ್ಟಿಸುತ್ತ ಶಿಸ್ತಾಗಿ ನಿಂತ ಮಹಾಜನರೇ, ಇವರೆಲ್ಲರ ಮೇಲೆ ವಿರಾಜಮಾನರಾಗಿರುವ ಗುರುತಿನ ಚೀಟಿ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಸಾಲಿನಲ್ಲಿ ನನ್ನ ಅಕ್ಕನ ಚೀಲ ಕ್ಷೇಮವಾಗಿ ಕಿಂಡಿ ತಲುಪಿತು. ಅಕ್ಕ ತಲುಪಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದ ಬೆಂಚಿನ ಮೇಲೆ ಅವಳು ಕೂಗಲಾರದೆ ಕೂತಿದ್ದಳು. ಬೆಳಗಿನಿಂದ ಬಿಸಿಲೇರುವವರೆಗೆ ಯಾರೂ ಬಳಿಗೆ ಹೋಗಲಿಲ್ಲ. ಇದು ನನ್ನ ದೂರು. ದೂರಿಗೆ ತಕ್ಕ ಒಂದು ಪದ್ಯವನ್ನೂ ಶುರು ಮಾಡಿದ್ದೇನೆ: ‘ಚೀಲವು ಕಿಂಡಿಯ ಮುಟ್ಟಿತು ಬೇಗ,’ ಎಂದು. ಎರಡನೆಯ ಸಾಲು ಕೊನೆಯಲ್ಲಿ.

ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಬೇರೆಯವರ ತಪ್ಪು ಹುಡುಕಿ ಸಂಬಳ ಪಡೆಯುತ್ತಿದ್ದವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ. ಉಳಿದವರು ಆ ಕೆಲಸವನ್ನು ಪುಕ್ಕಟೆ ಮಾಡುತ್ತೇವೆ. ನೀವು ಕೊಟ್ಟ ಚೀಟಿಯಲ್ಲಿ ಮನೆಯ ಸಂಖ್ಯೆ ತಪ್ಪಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ‘ಇರಲಿ ಬಿಡು’ ಅನ್ನುತ್ತಿದ್ದರು. ಅವಳಿಗೆ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ. ನಿಮ್ಮ ತಪ್ಪನ್ನು ತಿದ್ದಿಸಲೆಂದೇ ಕೆಲಸಕ್ಕೆ ರಜೆ ಹಾಕಿ ಬಂದು ನಿಂತಳು.

ನಿಮ್ಮಲ್ಲಿ ಒಂದು ಪದ್ಧತಿ ಇದೆ. ವಯಸ್ಸಾದವರೋ ಸುಸ್ತಾದವರೋ ತಮ್ಮ ಜಾಗದಲ್ಲಿ ಒಂದು ಚೀಲ ಇಟ್ಟು ಬೆಂಚಿಗೆ ಹೋಗಿ ಕೂರಬಹುದು. ಸಾಲು ಸರಿದಾಗ ಹಿಂದಿನವರು ಅದನ್ನು ಕಾಲಿನಿಂದ ಮೆಲ್ಲಗೆ ಮುಂದೆ ತಳ್ಳುತ್ತಾರೆ. ಚೀಲ ಇದ್ದರೆ ಆಳು ಇದ್ದಂತೆ. ಉಳಿದವರಿಗೆ ಈ ಸವಲತ್ತಿಲ್ಲ. ಕಂಬದ ಮೇಲೆ ತಾವು ಅಂಟಿಸಿದ ಸೂಚನೆ ಇದೆಯಲ್ಲ: ‘ಸಾಲು ಬಿಟ್ಟವರು ಮತ್ತೆ ಕೊನೆಯಿಂದ ನಿಲ್ಲತಕ್ಕದ್ದು.’ ನೀರು ಕುಡಿಯಲು ಕದಲಿದರೂ ನಿಮ್ಮ ಕಾವಲುಗಾರ ಬಾಲಕ್ಕೆ ಅಟ್ಟುತ್ತಾನೆ.

ಅಕ್ಕನಿಗೆ ಬಲಗೈ ಜೋಮು ಹಿಡಿದಂತಾಯಿತಂತೆ. ಹಿಂದೆ ನಿಂತಿದ್ದಾಕೆಗೆ, “ಸ್ವಲ್ಪ ಚೀಲ ನೋಡ್ಕೊಳ್ಳಮ್ಮ, ಕೂತು ಬರ್ತೀನಿ” ಅಂದಳು. ಅವಳ ಬಾಯಿಂದ ಬಂದ ಕೊನೆಯ ಪೂರ್ತಿ ವಾಕ್ಯ ಅದು.

ಆಮೇಲಿನದನ್ನು ಹೇಳಿದ್ದು ಆ ಹೆಂಗಸೇ. ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವರದು. ಮನೆಗೆ ಬಂದವರು ಕೂರಿ ಅಂದರೂ ಕೂರಲಿಲ್ಲ. ಅಕ್ಕ ಒಂದು ಕಡೆಗೆ ವಾಲಿದ್ದನ್ನು ಅವರು ನೋಡಿದ್ದರು; ತೂಕಡಿಕೆ ಅಂದುಕೊಂಡರು. ಏನೋ ತೊದಲಿದ್ದನ್ನೂ ಕೇಳಿದ್ದರು. ಫೋನಿನಲ್ಲಿ ಮಾತಾಡುತ್ತಿದ್ದಾರೆ ಅಂದುಕೊಂಡರು. ಆದರೂ ಮನಸ್ಸು ತಡೆಯದೆ ಒಮ್ಮೆ ಅತ್ತ ಹೆಜ್ಜೆ ಎತ್ತಿದಾಗ ಕಾವಲುಗಾರ ಬೆರಳಿನಿಂದಲೇ ಕಂಬದ ಸೂಚನೆ ತೋರಿಸಿದ. ಮುಂದಿದ್ದ ಹಿರಿಯರೊಬ್ಬರು, “ಅವರ ಕಡೆಯವರು ಯಾರಾದ್ರೂ ಇರ್ತಾರೆ ಬಿಡಮ್ಮ” ಎಂದು ಸಮಾಧಾನ ಹೇಳಿದರು.

ಆ ಕಡೆಯವನು ನಾನು. ಊರಿನ ಇನ್ನೊಂದು ಮೂಲೆಯ ಪಾರ್ಸೆಲ್ ಗೋದಾಮಿನಲ್ಲಿ, ಯಾರದೋ ಪೆಟ್ಟಿಗೆಗಳ ಮೇಲೆ ‘ಜೋಪಾನ’ ಎಂಬ ಚೀಟಿ ಅಂಟಿಸುತ್ತಿದ್ದೆ.

ಅಂತೂ ಚೀಲ ಕಿಂಡಿಗೆ ಬಂತು. ಗುಮಾಸ್ತರು ಬಗ್ಗಿ ನೋಡಿ, “ಚೀಲದ ಅರ್ಜಿ ತಗೊಳ್ಳೋಕಾಗಲ್ಲ, ಆಳನ್ನ ಕರೀರಿ” ಅಂದರು. ಆಗ ಇಡೀ ಸಾಲು ಒಟ್ಟಿಗೆ ತಿರುಗಿ ನೋಡಿತು. ಆಮೇಲೆ ಏನು ಕಡಿಮೆ, ಎಲ್ಲರೂ ಓಡಿದರು. ನೀರು ಬಂತು, ಆಟೋ ಬಂತು, ಎತ್ತಲು ಕೈಗಳು ಸಾಲದೆ ಹೋಗಲಿಲ್ಲ. ಒಬ್ಬರಂತೂ ಚಪ್ಪಲಿ ಬಿಟ್ಟೇ ಓಡಿದರಂತೆ. ಇದು ಲಕ್ವ, ಇನ್ನಷ್ಟು ಬೇಗ ಕರೆತಂದಿದ್ದರೆ ಮಾತು ಉಳಿಯುತ್ತಿತ್ತು ಎಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು.

ವ್ಯಾನಿನಾಕೆ ಹೊರಡುವಾಗ ಹೊಸಿಲ ಮೇಲೆ ನಿಂತು, “ಅಣ್ಣ, ನಾನು ಚೀಲ ನೋಡ್ಕೊಂಡೆ. ಅವರು ಚೀಲ ನೋಡ್ಕೊ ಅಂದಿದ್ರು” ಅಂದರು. ಬಯ್ಯಲೆಂದು ಮಾತು ಕೂಡಿಟ್ಟುಕೊಂಡಿದ್ದ ನಾನು ಅವರನ್ನು ಬೀದಿಯ ತಿರುವಿನವರೆಗೆ ಕಳಿಸಿ ಬಂದೆ.

ಮಾನ್ಯರೇ, ಆ ಸಾಲಿನವರನ್ನು ಕಲ್ಲುಹೃದಯದವರು ಎಂದು ನಾನು ಹೇಗೆ ಬರೆಯಲಿ? ಆ ಚೀಲದ ಒಂದು ದಾರವನ್ನೂ ಯಾರೂ ಮುಟ್ಟಿರಲಿಲ್ಲ. ಗುರುತಿಲ್ಲದವಳ ಸರದಿಯನ್ನು ಅಷ್ಟು ಹೊತ್ತು ಕಾಪಾಡಿದ ಜನ ಕೆಟ್ಟವರಾಗಲು ಸಾಧ್ಯವೇ? ಕಾವಲುಗಾರನಿಗೆ ಸಾಲಿನವರು ಇದ್ದರು, ಸಾಲಿನವರಿಗೆ ಕಾವಲುಗಾರ ಇದ್ದ, ಇಬ್ಬರಿಗೂ ತಾವಿದ್ದಿರಿ. ಅಷ್ಟು ಜನ ಇದ್ದದ್ದೇ ಅಕ್ಕನಿಗೆ ಮುಳುವಾಯಿತು. ನಿರ್ಜನ ರಸ್ತೆಯಲ್ಲಿ ಬಿದ್ದಿದ್ದರೆ, ಎದುರು ಬಂದ ಒಬ್ಬನೇ ಒಬ್ಬ, ನಾನಲ್ಲದೆ ಇನ್ನಾರು ಅಂದುಕೊಂಡು ಬಗ್ಗಿರುತ್ತಿದ್ದ. ಜನ ಹೆಚ್ಚಿದಷ್ಟೂ ಹೊಣೆ ತೆಳುವಾಗುತ್ತದೆ, ನೀರು ಹೊಯ್ದ ಮಜ್ಜಿಗೆಯ ಹಾಗೆ. ಕೊನೆಗೆ ಉಳಿಯುವುದು ಬರೀ ಲೋಟ. ಮೊದಲು ಕದಲಿದವರು ನಗೆಪಾಟಲಾಗುತ್ತಾರೆಂಬ ನಾಚಿಕೆ ಎಲ್ಲರಿಗೂ ಇದ್ದದ್ದೇ. ನಾಚಿಕೆಯನ್ನು ಮೀರಿ ಒಬ್ಬಾಕೆ ಕಾಲು ಎತ್ತಿದರು. ಆ ಕಾಲನ್ನು ಕೆಳಗಿಳಿಸಿದ್ದು ತಮ್ಮ ಸೂಚನೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಅದೇ ಕಂಬದ ಮೇಲೆ, ಅಷ್ಟೇ ದಪ್ಪ ಅಕ್ಷರಗಳಲ್ಲಿ, ಇನ್ನೊಂದು ವಾಕ್ಯ ಸೇರಿಸಿ: ‘ಇನ್ನೊಬ್ಬರನ್ನು ವಿಚಾರಿಸಲು ಹೋದವರ ಸರದಿ ಎಲ್ಲಿಗೂ ಹೋಗುವುದಿಲ್ಲ.’ ಕಾವಲುಗಾರನ ಬೆರಳು ಅದನ್ನೂ ತೋರಿಸಲಿ. ಇದಕ್ಕೆ ಸಮಿತಿ ಬೇಡ, ಸಭೆ ಬೇಡ; ಸ್ವಲ್ಪ ಗೋಂದು ಸಾಕು.

ಅಕ್ಕ ಈಗ ಮನೆಯಲ್ಲಿದ್ದಾಳೆ. ಎಲ್ಲ ತಿಳಿಯುತ್ತದೆ, ನುಡಿ ಮಾತ್ರ ಹೊರಡದು. ಮೊದಲೆಲ್ಲ ನಮ್ಮಿಬ್ಬರದು ಪ್ರಾಸದ ಜಗಳ. ಒಲೆ ಮುಂದೆ ನಿಂತು ನಾನು, ‘ಹಾಲು ಉಕ್ಕಿ ಹೋಯಿತಲ್ಲ’ ಅಂದರೆ ಒಳಕೋಣೆಯಿಂದ ಅವಳು, ‘ಕಾಯಲು ನಿಂತವಗೆ ಕಣ್ಣಿಲ್ಲ’ ಅನ್ನುತ್ತಿದ್ದಳು. ಮಾತಿನ ಅಭ್ಯಾಸ ಮಾಡಿಸಲು ಬರುವಾಕೆ ಹೇಳುತ್ತಾರೆ, ಯೋಚಿಸದೆ ನಾಲಿಗೆಗೆ ಬರುತ್ತಿದ್ದ ಮಾತೇ ಮೊದಲು ಮರಳಬಹುದು ಎಂದು. ಮರಳದೆಯೂ ಇರಬಹುದು ಎಂದು ಅವರು ಹೇಳುವುದಿಲ್ಲ, ನನಗೆ ಗೊತ್ತಾಗುತ್ತದೆ.

ಇನ್ನು ನಾಟಕ ಸಾಕು, ಮಾನ್ಯರೇ. ಈ ಪತ್ರವನ್ನು ನಿಮಗಾಗಿ ಬರೆದಿಲ್ಲ; ಅಚ್ಚಾಗಲೆಂದು ಪತ್ರಿಕೆಗೂ ಕಳಿಸಿದ್ದೇನೆ. ಅಚ್ಚಾದದ್ದು ಯಾವುದನ್ನೂ ಅಕ್ಕ ತಿದ್ದದೆ ಬಿಟ್ಟವಳಲ್ಲ. ಇದು ಪತ್ರಿಕೆಯಲ್ಲಿ ಬಂದ ದಿನ ಅವಳ ಪಕ್ಕ ಕೂತು ಗಟ್ಟಿಯಾಗಿ ಓದುತ್ತೇನೆ. ಕೊನೆಗೆ ಬಂದು, ‘ಚೀಲವು ಕಿಂಡಿಯ ಮುಟ್ಟಿತು ಬೇಗ,’ ಎಂದು ನಿಲ್ಲಿಸಿ ಅವಳ ಬಾಯಿ ನೋಡುತ್ತೇನೆ. ಎರಡನೆಯ ಸಾಲು ನನ್ನ ಹತ್ತಿರ ಇಲ್ಲ. ಯಾವತ್ತೂ ಇರಲಿಲ್ಲ.

ಇಂತಿ,
ಮೊದಲ ಸಾಲಷ್ಟೇ ಬಲ್ಲ ತಮ್ಮ