ನೀಲಿ ಚೀಲದಲ್ಲಿ ಮಲಗಿದವಳು

ಪೀಣ್ಯ ಎರಡನೇ ಹಂತ,
ಕಾರ್ಖಾನೆಯ ಗೇಟಿನ ಎದುರು
೨೧ ಡಿಸೆಂಬರ್ ೨೦೨೪, ಶನಿವಾರ

ತಮ್ಮ ಬಸಲಿಂಗನಿಗೆ,

ನಿನ್ನ ಅಕ್ಕ ನೀಲಾಂಬಿಕಾ ಬರೆಯುವುದು. ಆರೋಗ್ಯವೇ? ಹೊಟ್ಟೆಯುರಿ ಈಗಲೂ ಇದೆಯೇ, ಮಜ್ಜಿಗೆ ಕುಡಿಯುತ್ತೀಯಾ? ಕೇಳಬಾರದೆಂದುಕೊಂಡಿದ್ದೆ, ಅಭ್ಯಾಸಬಲ, ಕೈ ಬರೆದುಬಿಟ್ಟಿತು. ಚಂದಾಪುರದಲ್ಲಿ ಹೊಸ ಶೆಡ್ಡು, ಹೊಸ ಮನೆ, ಮಾಲೀಕರ ಪಕ್ಕದಲ್ಲೇ ಕುರ್ಚಿ. ನಿನ್ನ ಹೊಟ್ಟೆ ತಣ್ಣಗೇ ಇರಬೇಕು. ನನ್ನ ಫೋನನ್ನಂತೂ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ, ಚಂದಾಪುರಕ್ಕೆ ಹೋಗುವವರ ಕೈಯಲ್ಲಿ ಇವತ್ತೇ ಕಳಿಸುತ್ತೇನೆ.

ದೀಪಾವಳಿಗೆ ನಾವೆಲ್ಲ ಊರಿಗೆ ಹೋಗಿದ್ದಾಗ ಮುಂದೆ ನಿಂತು ಅರ್ಧ ಮಷಿನ್‌ಗಳನ್ನು ಲಾರಿಗೆ ಹೇರಿಸಿದವನು ಸೂಪರ್‌ವೈಸರ್ ಆದ ನೀನು. ನಾವು ಮರಳಿ ಬಂದರೆ ಗೇಟಿಗೆ ಬೀಗ. ಮೋಟಾರಿಗೆ ತಂತಿ ಸುತ್ತಿ ಸುತ್ತಿ ಬೆರಳು ಸವೆಸಿಕೊಂಡ ಹೆಂಗಸರಿಗೆ ಒಂದು ಮಾತು ಹೇಳಲಿಲ್ಲ. ನಿನ್ನ ಕೈ ಹಿಡಿದು ತಂದು ಇದೇ ಶೆಡ್ಡಿಗೆ ಸೇರಿಸಿದ ನನಗೂ ಹೇಳಲಿಲ್ಲ. ಒಳಗೆ ಉಳಿದ ಮಷಿನ್‌ಗಳೂ ಹೋದರೆ ನಮ್ಮ ಕೆಲಸ ಹೋದಂತೆಯೇ. ಹಾಗಾಗಬಾರದೆಂದು ಅಂದಿನಿಂದ ಟಾರ್ಪಾಲು ಕಟ್ಟಿಕೊಂಡು ಗೇಟಿನ ಮುಂದೆಯೇ ಮಲಗುತ್ತಿದ್ದೇವೆ. ಆಗ ಬಂತು ನಿನ್ನ ಕೊರಿಯರ್. ನೀಲಿ ಬಣ್ಣದ ಸ್ಲೀಪಿಂಗ್ ಬ್ಯಾಗ್, ಮಡಚಿದರೆ ಒಂದು ಕುಂಬಳಕಾಯಿಯಷ್ಟೂ ಇಲ್ಲ. ಜೊತೆಗೆ ನಿನ್ನ ಚೀಟಿ: "ಅಕ್ಕಾ, ಚಳಿ ಭಾಳ ಐತಿ, ಇದರಾಗ ಮಲಕೋ." ನಾನು ಮೂರ್ಖಳು, ಅದನ್ನು ಓದಿ ಅತ್ತೆ. ಕಬ್ಬು ಕಡಿಯಲು ಹೋದ ಅವ್ವ ಅಪ್ಪನ ಜೊತೆ ಕಬ್ಬಿನ ಒಣಗರಿ ರವದಿಯ ಗುಡಿಸಲಿನಲ್ಲಿ ಮಲಗುತ್ತಿದ್ದಾಗ "ಅಕ್ಕಾ, ಕಾಲು ತಣ್ಣಗಾಗ್ಯಾವ" ಎನ್ನುತ್ತ ನಿನ್ನ ಪಾದಗಳನ್ನು ನನ್ನ ಮೊಣಕಾಲ ಸಂದಿಗೆ ತೂರಿಸುತ್ತಿದ್ದೆಯಲ್ಲ, ಆ ಹುಡುಗ ಇನ್ನೂ ಎಲ್ಲೋ ಇದ್ದಾನೆ ಅಂದುಕೊಂಡೆ.

ಹಗುರ ಚೀಲ ಕಣೋ, ಅದರಿಂದ ಮೊದಲ ರಾತ್ರಿ ಏನೂ ಉಪಯೋಗವಾಗಲಿಲ್ಲ. ಮೇಲಿನಿಂದ ಬೆಚ್ಚಗೆ, ಕೆಳಗಿನಿಂದ ಕಾಂಕ್ರೀಟು ಮೂಳೆಗೇ ಕೈ ಹಾಕಿತು. ಬೆನ್ನ ಭಾರಕ್ಕೆ ಹತ್ತಿಯೆಲ್ಲ ಚಪ್ಪಟೆಯಾಗಿತ್ತು. ಮುಖ ಒಳಗೆಳೆದುಕೊಂಡರೆ ಉಸಿರಿನ ಪಸೆಗೆ ಬೆಳಿಗ್ಗೆ ಬಟ್ಟೆಯೆಲ್ಲ ಒದ್ದೆ. ಆಮೇಲೆ ನಾವೇ ಒಂದೊಂದಾಗಿ ದಾರಿ ಕಂಡುಕೊಂಡೆವು. ಕೆಳಗೆ ರಟ್ಟಿನ ಡಬ್ಬಿಗಳನ್ನು ಬಿಚ್ಚಿ ಹಾಸಿದೆವು. ಮಲಗುವ ಮುಂಚೆ ಒಣ ಕಾಲುಚೀಲ, ತಲೆಗೆ ಟವೆಲು, ಹೊಟ್ಟೆಗೆ ಬಿಸಿಬಿಸಿ ಮುದ್ದೆ. ಟೀ ಅಂಗಡಿಯ ವಸಂತಮ್ಮ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿಕೊಡುತ್ತಾಳೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಹತ್ತಿರ ಇಟ್ಟುಕೊಂಡರೆ ನಿದ್ದೆ ಬರುತ್ತದೆ. ನಿನ್ನ ಚೀಲ ಬೆಚ್ಚಗಾಗಿದ್ದು ಇಲ್ಲಿಯವರ ಕೈಯಿಂದ, ನಿನ್ನಿಂದಲ್ಲ.

ಗುರುವಾರ ಸಿದ್ದಕ್ಕನಿಗೆ ಕೆಮ್ಮು ಹೆಚ್ಚಿತ್ತು. ನಮ್ಮಲ್ಲೆಲ್ಲ ಹಿರಿಯಳು, ಲಗ್ಗೆರೆಯ ನಮ್ಮ ವಠಾರದಲ್ಲೇ ಇರುವವಳು. ನಿನಗೆ ಕಾಮಾಲೆಯಾದಾಗ ಗಂಜಿ ಕುಡಿಸಿದವಳು. ಅವಳನ್ನು ಚೀಲದೊಳಗೆ ಮಲಗಿಸಿ ನಾನು ಅವಳ ಚಾದರ ಹೊದ್ದುಕೊಂಡೆ. ಹಾಲಿನ ಗಾಡಿ ಬರುವ ಹೊತ್ತಿಗೆ ನಿಮ್ಮ ಬಾಡಿಗೆ ಆಳುಗಳು ಬಂದರು. ಮಲಗಿದ್ದವರನ್ನು ರಟ್ಟಿನ ಸಮೇತ ಹಿಡಿದು ಎಳೆಯತೊಡಗಿದರು. ನನ್ನನ್ನು ಕಾಲು ಹಿಡಿದು ಮೋರಿಯವರೆಗೆ ದರದರನೆ ಎಳೆದರು. ಎಡಗೈ ಮಣಿಕಟ್ಟು ಮುರಿಯಿತು. ಆಗ ಅವರಲ್ಲೊಬ್ಬ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಲೇ, ಆ ನೀಲಿ ಬ್ಯಾಗಲ್ಲಿರೋಳ್ನ ಮುಟ್ಟಬೇಡ್ರೋ! ಸೂಪರ್‌ವೈಸರ್ ಬಸಲಿಂಗಣ್ಣನ ಅಕ್ಕ ಕಣ್ರೋ ಅವ್ಳು!"

ಚೀಲವನ್ನು ಏಕೆ ಕಳಿಸಿದ್ದೆ ಎಂದು ಆಗ ತಿಳಿಯಿತು. ಚಳಿಗಲ್ಲ, ಗುರುತಿಗೆ. ಉಳಿದವರನ್ನು ಎಳೆಯುವಾಗ ನಾನೊಬ್ಬಳು ಬೆಚ್ಚಗೆ ಮಲಗಿ ನೋಡುತ್ತಿರಲಿ ಎಂದು. ಸಿದ್ದಕ್ಕ ಏನು ಮಾಡಿದಳು ಗೊತ್ತೇನು? ಜಿಪ್ಪು ಎಳೆದು ತಲೆ ಹೊರಗೆ ಹಾಕಿ, "ನಾ ಅವನ ಅಕ್ಕ ಅಲ್ರಲೇ, ಸಿದ್ದಕ್ಕ ಅದೀನಿ! ನನ್ನೂ ಎಳೀರಿ ಬರ್ರಿ!" ಎಂದು ಕೂಗಿ ಆ ಕೂಗಿದವನ ಕಾಲನ್ನೇ ತಬ್ಬಿ ಹಿಡಿದಳು. ಅಷ್ಟರಲ್ಲಿ ಎದುರಿನ ಶೆಡ್ಡಿನ ಮೊದಲ ಪಾಳಿಯವರು ಬಂದು ಸೇರಿದ್ದರಿಂದ ಆಳುಗಳು ಓಡಿದರು. ಲಾರಿ ಸೋಮವಾರ ಬರುತ್ತದೆ, ನೀನೇ ಮುಂದೆ ನಿಂತು ಮಷಿನ್ ಹೇರಿಸುತ್ತೀಯ ಎಂದು ಓಡುವಾಗ ಬೆದರಿಸಿ ಹೋದರು.

ಬಾ. ನಾವು ಇಲ್ಲೇ ಇರುತ್ತೇವೆ. ನಿನ್ನ ಚೀಲದ ಜಿಪ್ಪನ್ನು ತುದಿಯವರೆಗೆ ಬಿಚ್ಚಿ ಕೌದಿಯ ಹಾಗೆ ಹರಡಿದ್ದೇವೆ; ನಾಲ್ವರ ಕಾಲುಗಳು ಅದರಡಿಯಲ್ಲಿವೆ. ಇನ್ನು ಯಾರು ನಿನ್ನ ಅಕ್ಕ ಎಂದು ನಿನ್ನ ಆಳುಗಳು ಹುಡುಕಿಕೊಳ್ಳಲಿ. ನನ್ನ ಕೈ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಉಳಿದದ್ದು ಕೂಡುತ್ತದೆಂದು ನಾನು ಹೇಳಲಾರೆ. ನಿನ್ನ ಹೆಂಡತಿಗೆ, ಕೂಸಿಗೆ ನನ್ನ ಆಶೀರ್ವಾದ. ನಿನ್ನ ಪಾಲಿನ ಆಶೀರ್ವಾದವನ್ನು ಸಿದ್ದಕ್ಕನ ಹತ್ತಿರ ಕೇಳು, ಕೊಟ್ಟರೆ ತೆಗೆದುಕೋ.

ಇಂತಿ,
ನೀಲಾಂಬಿಕಾ

ತಾ.ಕ.: ಲಕೋಟೆ ಅಂಟಿಸುವಾಗ ಅವ್ವ ಬಂದಳು. ನನ್ನ ಕೈ ಮುರಿದ ಸುದ್ದಿ ಕೇಳಿ ಸಿಂದಗಿಯಿಂದ ಬಸ್ಸು ಹತ್ತಿ ಬಂದಿದ್ದಾಳೆ. ನೀನು ಮಾಡಿದ್ದೇನೆಂದು ಅವಳಿಗೆ ಗೊತ್ತಿಲ್ಲ. ನೀನೂ ನಮ್ಮ ಜೊತೆ ಧರಣಿಗೆ ಕೂತಿದ್ದೀಯ ಎಂದೇ ನಂಬಿದ್ದಾಳೆ. "ತಮ್ಮ ಎಲ್ಲಿ ಅದಾನ, ನೀರು ತರಾಕ ಹೋಗ್ಯಾನೇನ?" ಎಂದು ಆಗಿನಿಂದ ಕೇಳುತ್ತಿದ್ದಾಳೆ. ಸೋಮವಾರ ಬರುತ್ತಾನೆ ಎಂದಿದ್ದೇನೆ. ಗೇಟಿಗೆ ಒರಗಿ ಕೂತು ರಸ್ತೆ ನೋಡುತ್ತಿದ್ದಾಳೆ. ಲಾರಿಯಲ್ಲಿ ಬರುತ್ತೀಯೋ, ನಡೆದು ಬರುತ್ತೀಯೋ, ನೀನೇ ನೋಡು.