ಚಿಕ್ಕಪ್ಪ ಒಪ್ಪಿಕೊಂಡ ಭಯ

ನಿಕ್ಷಿಚ್, ಮಾರ್ಚ್ 12, ಮಂಗಳವಾರ

ಕಾರ್ಖಾನೆಯ ಮುಷ್ಕರದಲ್ಲಿ ನನ್ನ ಮೇಲೆ ಕಬ್ಬಿಣದ ಸರಳು ಎತ್ತಿದ ಮೇಸ್ತ್ರಿ ಈಗ ದೂರುದಾರ. ಅವನಿಗೆ ಹೊಡೆದು ನನ್ನನ್ನು ಉಳಿಸಿದ ವುಕೋಟ ಚಿಕ್ಕಪ್ಪ ಆರೋಪಿ. ಇದು ಶುದ್ಧ ಅನ್ಯಾಯ.

ಇನ್ನೊಬ್ಬರನ್ನು ಕಾಪಾಡಲು ಹೊಡೆದರೆ ಅಪರಾಧವಲ್ಲ ಎಂದು ಕಾನೂನು ನೆರವಿನ ಕರಪತ್ರ ಓದಿ ಚಿಕ್ಕಪ್ಪನಿಗೆ ಹೇಳಿದೆ. ಆದರೆ ನನ್ನ ಜೀವಕ್ಕೆ ಅಪಾಯವೆಂದು ಹೆದರಿ ಹೊಡೆದದ್ದಾಗಿ ನ್ಯಾಯಾಲಯದಲ್ಲಿ ಅವನೇ ಹೇಳಬೇಕು.

“ಹೆದರಿದೆ ಅಂತಲಾ? ನಮ್ಮ ಕುಲದಲ್ಲಿ ಯಾರೂ ಹಾಗಂದಿಲ್ಲ ಕಣೇ. ಸಿಟ್ಟು ಬಂತು, ಬಾರಿಸ್ದೆ ಅಂತೀನಿ.”

“ಹಾಗಂದ್ರೆ ಜೈಲೇ ಗತಿ, ಚಿಕ್ಕಪ್ಪ. ನಿಜ ಹೇಳು, ನನಗೇನಾಗುತ್ತೋ ಅಂತ ಹೆದರ್ಲಿಲ್ವಾ?”

ಚಿಕ್ಕಪ್ಪ ರಾಕಿಯಾ ಮದ್ಯದ ಲೋಟ ಕೆಳಗಿಟ್ಟ.

“ಜೀವ ಬಾಯಿಗೆ ಬಂದಿತ್ತು ಮಗಳೇ. ಬರ್ಕೋ. ಆದ್ರೆ ನಾನು ಹೆದರಿದೆ ಅನ್ನೋದನ್ನ ಕೇಳೋಕೆ ನಿನ್ನ ಚಿಕ್ಕಮ್ಮನ್ನ ಕೋರ್ಟಿಗೆ ಕರ್ಕೊಂಡು ಬರ್ಬೇಡ.”

ಒಂದು ಕೈಯಲ್ಲಿ ಅವನ ಒರಟು ಕೈ ಹಿಡಿದುಕೊಂಡೇ ಬರೆದುಕೊಂಡೆ. ವಕೀಲರನ್ನು ಕಾಣುವುದು ಗುರುವಾರ ಬೆಳಗ್ಗೆ ಒಂಬತ್ತಕ್ಕೆ, ನ್ಯಾಯಾಲಯದ ಮೆಟ್ಟಿಲ ಬಳಿ.