ಹುಣಸೆಕಟ್ಟೆ ಹಾಲ್ಟಿನ ತಾಂಬೂಲ

ಅಲ್ ಮವಾಲೇಹ್, ಮಸ್ಕತ್
೮ ಫೆಬ್ರವರಿ ೨೦೨೫, ಶನಿವಾರ

ಆಶಿತಾಳ ಅಪ್ಪನವರಿಗೆ, ಕಾಂತಾಮಣಿಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಸೀಸೆಯನ್ನು ನೋಡಿಕೊಂಡೇ ಮಲಗುತ್ತೀರೋ? ಮಗಳು, ಅಳಿಯ, ಮೊಮ್ಮಗಳು ಮಾನ್ಯಾ ಎಲ್ಲರೂ ಕ್ಷೇಮ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಈ ಪತ್ರ. ಊರಿಗೆ ಹೊರಟಿರುವ ಪಕ್ಕದ ಮನೆಯ ನಂದನ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನಮ್ಮ ಹುಣಸೆಕಟ್ಟೆಯ ರೈಲ್ವೆ ಹಾಲ್ಟನ್ನು ಮತ್ತೆ ತೆರೆಯುತ್ತಾರಂತೆ. ಟಿಕೆಟ್ ಮಾರಲು ಊರಿನವರೊಬ್ಬರು ಏಜೆಂಟಾಗಿ ಈ ತಿಂಗಳೊಳಗೆ ಒಪ್ಪಬೇಕಂತೆ, ಇಲ್ಲದಿದ್ದರೆ ಇಲ್ಲವಂತೆ. ನೀವು ಮಾತ್ರ "ಆ ದಿಕ್ಕಿಗೆ ತಲೆ ಹಾಕಿಯೂ ಮಲಗೊಲ್ಲ" ಎಂದಿರಂತೆ. ಪಂಚಾಯ್ತಿಯ ಮುನಿಯಪ್ಪ ಫೋನಿನಲ್ಲಿ ಗೋಳಾಡಿದ. ಹಾಲ್ಟ್ ಮುಚ್ಚಿ ಇಪ್ಪತ್ತು ವರ್ಷವಾದರೂ ನಿಮ್ಮ ಸಿಟ್ಟು ಆರಿಲ್ಲ.

ಈಗ ಕೇಳಿ. ನಿನ್ನೆ ಇಲ್ಲಿಯ ಕನ್ನಡದವರು ಮಕ್ಕಳಿಗೆ 'ನಮ್ಮೂರ ಚರಿತ್ರೆ' ಎಂದು ಭಾಷಣ ಸ್ಪರ್ಧೆ ಇಟ್ಟಿದ್ದರು. ಒಬ್ಬ ಹಂಪಿ ಎಂದ, ಒಬ್ಬಳು ಮೈಸೂರು ಅರಮನೆ ಎಂದಳು. ಮಾತೆತ್ತಿದರೆ ಇಂಗ್ಲಿಷ್ ಆಡುವ ನಮ್ಮ ಮಾನ್ಯಾ ವೇದಿಕೆ ಹತ್ತಿ, "ನಮ್ಮೂರಲ್ಲಿ ಒಂದು ರೈಲ್ವೆ ಸ್ಟೇಷನ್ ಇತ್ತು. ಸ್ಟೇಷನ್ ಮಾಸ್ಟರ್ ಇರ್ಲಿಲ್ಲ, ನಮ್ಮ ತಾತ ಇದ್ರು" ಎಂದಳು! ಸಭೆ ಕಿಸಕ್ಕನೆ ನಕ್ಕಿತು. ಹುಡುಗಿ ಬೆದರಲಿಲ್ಲ. ನೀವು ದೊಡ್ಡ ಸ್ಟೇಷನ್ನಿನಿಂದ ಸೈಕಲ್ಲಿನಲ್ಲಿ ಟಿಕೆಟ್ ತಂದು ಮಾರುತ್ತಿದ್ದದ್ದು, ಮಾರಾಟ ಸಾಲದು, ಹಾಲ್ಟ್ ಮುಚ್ಚುತ್ತೇವೆ ಎಂದು ರೈಲ್ವೆಯವರು ಹೇಳಿದಾಗ ಊರಿಗೆ ಊರೇ ಟಿಕೆಟ್ ಕೊಂಡು ಮನೆಯಲ್ಲೇ ಕೂತದ್ದು, ಮದುವೆಗೆ ಬಂದವರಿಗೆ ತಾಂಬೂಲದ ಜೊತೆ ಒಂದೊಂದು ಟಿಕೆಟ್ ಇಟ್ಟು ಕೊಟ್ಟದ್ದು, ಎಲ್ಲ ಹೇಳಿದಳು. ಕೊನೆಗೆ ತಪಾಸಣೆಗೆ ಬಂದ ಅಧಿಕಾರಿ ನೋಡಿದರೆ ಮಾರಾಟವಾದ ಟಿಕೆಟ್ ರಾಶಿ, ರೈಲು ಹತ್ತಿದ್ದು ಒಬ್ಬ ಮುದುಕಿ ಮತ್ತು ಅವಳ ಕೋಳಿ! ಹಾಲ್ಟ್ ಮುಚ್ಚಿತು, 'ಸುಳ್ಳು ಟಿಕೆಟ್ ಕೆಂಪಣ್ಣ' ಎಂಬ ಹೆಸರು ನಿಮಗೆ ಅಂಟಿತು. ಅದನ್ನೂ ಬಿಡಲಿಲ್ಲ ಅವಳು. "ದುಡ್ಡು ಕೊಟ್ಟೋರಿಗೆ ತಾತ ಟಿಕೆಟ್ ಕೊಟ್ರು. ಅವರು ಹತ್ತದೆ ಮನೇಲಿ ಕೂತ್ರೆ ತಾತ ಎತ್ತಿ ಕೂರಿಸ್ಬೇಕಿತ್ತಾ?" ಎಂದು ಸಭೆಯನ್ನೇ ಕೇಳಿದಳು.

ಅಬ್ಬಾ, ಆ ಚಪ್ಪಾಳೆ! ಹಂಪಿಗೂ ಅಷ್ಟು ಬಿದ್ದಿರಲಿಲ್ಲ. ತರಕಾರಿ ಮಾರ್ಕೆಟ್ಟಿನ ಮೊಯ್ದೀನ್ ಎದ್ದು ನಿಂತು, "ಭಾರೀ ಜನ ಮಾರಾಯ್ರೆ ನಿಮ್ಮ ಯಜಮಾನ್ರು!" ಎಂದರು. ಮೊದಲ ಬಹುಮಾನ ನಮ್ಮ ಹುಣಸೆಕಟ್ಟೆಗೇ. ನಾನು ಸೆರಗಿನಲ್ಲಿ ಮುಖ ಮುಚ್ಚಿ ಅತ್ತುಬಿಟ್ಟೆ. ನಿಮ್ಮನ್ನು ಕಟ್ಟಿಕೊಂಡದ್ದಕ್ಕೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ತಲೆ ತಗ್ಗಿಸಿ ನಡೆದದ್ದು ಸಾಕು ಇನ್ನು.

ಮಾನ್ಯಾ ತಾತನಿಗೆ ಮುತ್ತು ಕಳಿಸಿದ್ದಾಳೆ. ಮನೆದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಕಾಂತಾಮಣಿ

ಮರೆತೇಬಿಟ್ಟಿದ್ದೆ: ನಿಮಗೆ ಬೇಡವಾದರೆ ಬೇಡ, ಏಜೆಂಟ್ ಕೆಲಸಕ್ಕೆ ನನ್ನ ಹೆಸರು ಕೊಡು ಎಂದು ಮುನಿಯಪ್ಪನಿಗೆ ಹೇಳಿಯಾಗಿದೆ. ಕುಣಿದಾಡಿದ. ಮುಂದಿನ ವಾರವೇ ಹೊರಟು ಬರುತ್ತೇನೆ. ಇನ್ನು ಮೇಲೆ ರೈಲು ಹತ್ತಬೇಕೆಂದರೆ ನೀವೂ ನನ್ನ ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕು.